ಎಕ್ಸ್‌ರೇ ಕೋಣೆಯ ಆ ತಂಗಿಗೆ

ಹೆಸರು ಕೇಳೋಕೂ ಆಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮಗ ಜಾರುಬಂಡೆಯಿಂದ ಬಿದ್ದು ಮೊಣಕೈ ಊದಿಸಿಕೊಂಡಿದ್ದ. ಹಿಡ್ಕೊಳ್ಳೋಕೆ ನಾನೇ ಒಳಗೆ ನುಗ್ಗಿದೆ. ನೀವು ಬಾಗಿಲಲ್ಲೇ ತಡೆದು ಕಿವಿಯ ಹತ್ತಿರ ಕೇಳಿದ್ರಿ: "ಅಕ್ಕಾ, ಡೇಟ್ ಏನಾದ್ರೂ ಮುಂದೆ ಹೋಗಿದೆಯಾ?" ಎಂಟು ದಿನ ಹೋಗಿತ್ತು! ಗಡಿಬಿಡಿಯಲ್ಲಿ ನನಗೇ ನೆನಪಿರಲಿಲ್ಲ. "ಕೈ ಎಕ್ಸ್‌ರೇಗೆ ವಿಕಿರಣ ಬೀಳೋದು ತೀರಾ ಕಮ್ಮಿ, ಹೆದರ್ಬೇಡಿ. ಆದ್ರೂ ತಪ್ಪಿಸಬಹುದಾದ್ದನ್ನ ಯಾಕೆ ತಗೋತೀರಿ?" ಅಂದು ನನ್ನ ಬದಲು ನಮ್ಮ ಮಾವನವರಿಗೆ ಸೀಸದ ಏಪ್ರನ್ ಕಟ್ಟಿದ್ರಿ. "ಇದೇನಮ್ಮಾ, ಅಕ್ಕಿ ಮೂಟೆ!" ಅಂತ ಮಾವ ಗೊಣಗಿದ್ದೇ ತಡ, ಮಗ ಅಳು ನಿಲ್ಲಿಸಿ ನಕ್ಕ.

ನಿಮ್ಮ ಎದೆ ಮೇಲಿದ್ದ ಬಿಲ್ಲೆ ಏನೆಂದು ಕೇಳಿದೆ. ಟಿಎಲ್‌ಡಿ ಬ್ಯಾಡ್ಜಂತೆ, ಮೈಗೆ ತಾಗಿದ ವಿಕಿರಣದ ಲೆಕ್ಕ ಇಡುತ್ತಂತೆ. ನಿಮ್ಮಂಥವರಿಗೆ ನಮ್ಮ ದೇಶದಲ್ಲಿ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಗಿದ ವಿಕಿರಣದ ಅಳತೆ) ಮೀರಬಾರದು, ಯಾವ ವರ್ಷವೂ 30 ದಾಟಬಾರದು. "ದೂರ ಎರಡು ಪಟ್ಟಾದ್ರೆ ತಾಗೋದು ಕಾಲು ಭಾಗ, ಅದಕ್ಕೇ ಗೋಡೆಯಾಚೆ ನಿಲ್ಲೋದು" ಅಂದ್ರಿ.

ಹಿಂದೊಮ್ಮೆ ಬೇರೊಂದು ಕಡೆ ಬಾಗಿಲೂ ಹಾಕದೆ ಎಕ್ಸ್‌ರೇ ತೆಗೆದಿದ್ದರು. ಆಗ ಕೇಳಬೇಕು ಅಂತಲೂ ನನಗೆ ಗೊತ್ತಿರಲಿಲ್ಲ.

ಮೊನ್ನೆ ಪರೀಕ್ಷೆ ಮಾಡಿಸಿದೆ. ಹೌದು, ಎರಡನೆಯದು. ಥ್ಯಾಂಕ್ಸ್ ಕಣಮ್ಮಾ.