ಅಂಗನವಾಡಿಗೆ ಹೊಸದಾಗಿ ಬರುವ ಮಕ್ಕಳ ಪೋಷಕರಿಗೆ ಸೂಚನೆ

ಗುಂಪಿನ ಎಲ್ಲ ಪೋಷಕರಿಗೆ ನಮಸ್ಕಾರ.

ಮಳೆಗಾಲದ ಜೊತೆಗೇ ಉಡುಪಿಯ ನಮ್ಮ ಅಂಗನವಾಡಿಗೆ ಹೊಸ ಮಕ್ಕಳು ಬರತೊಡಗಿದ್ದು, ಬಾಗಿಲಲ್ಲಿ ಅಮ್ಮನ ಸೆರಗು ಬಿಡದೆ ಅಳುವ ಮಗುವನ್ನು ಕಂಡು ಹಲವರು ಗಾಬರಿಗೊಂಡಿದ್ದೀರಿ. ಈ ಅಳು ಹಟವಲ್ಲ. ಸುಮಾರು 8 ತಿಂಗಳ ವಯಸ್ಸಿನಿಂದಲೇ ಮಗುವಿನಲ್ಲಿ ತನ್ನವರನ್ನು ಅಗಲುವ ಭಯ ಕಾಣಿಸಿಕೊಳ್ಳುತ್ತದೆ. 3 ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ಅದು ತಗ್ಗುತ್ತದೆಯಾದರೂ ಹೊಸ ಜಾಗದಲ್ಲಿ ಮತ್ತೆ ತಲೆಯೆತ್ತುವುದು ಸಹಜ. ಆದ್ದರಿಂದ ದಯವಿಟ್ಟು ಮಗುವಿನ ಕಣ್ಣು ತಪ್ಪಿಸಿ ಹೊರಟುಹೋಗಬೇಡಿ. "ನಿನ್ನ ಊಟವಾದ ಮೇಲೆ ಬರುತ್ತೇನೆ" ಎಂದು ಹೇಳಿಯೇ ಹೊರಡಿ, ಹೇಳಿದ ಹೊತ್ತಿಗೆ ತಪ್ಪದೆ ಬನ್ನಿ. ಗಡಿಯಾರ ತಿಳಿಯದ ಮಗುವಿಗೆ ಊಟದ ಹೊತ್ತೇ ಲೆಕ್ಕ.

ಮಗು ಯಾರೊಡನೆಯೂ ಬೆರೆಯುವುದಿಲ್ಲ ಎಂಬ ಚಿಂತೆಯನ್ನೂ ಕೆಲವರು ಹೇಳಿಕೊಂಡಿದ್ದೀರಿ. 2 ವರ್ಷದ ಆಸುಪಾಸಿನ ಮಕ್ಕಳು ಪಕ್ಕಪಕ್ಕದಲ್ಲಿ ಕುಳಿತು ತಮ್ಮ ತಮ್ಮ ಆಟವನ್ನೇ ಆಡುತ್ತಾರೆ. ಮಲ್ಪೆಯ ಮರಳಿನಲ್ಲಿ ನೀವೂ ಇದನ್ನು ನೋಡಿರಬಹುದು. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿಯೇ ಇದನ್ನು ಆಟದ ಒಂದು ಹಂತವೆಂದು ವಿವರಿಸಿದ್ದರು. ಕೂಡಿ ಆಡುವ, ಸರದಿ ಕಾಯುವ ಅಭ್ಯಾಸ ಬರಲು 4 ವರ್ಷವಾದರೂ ಬೇಕು.

"ಗಂಡುಮಕ್ಕಳು ಅಳಬಾರದು" ಎಂಬ ಮಾತನ್ನು ನಮ್ಮ ಜಗಲಿಯಲ್ಲಿ ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಅದರ ಬದಲು "ನಿನಗೆ ಬೇಸರವಾಗಿದೆ ಅಲ್ಲವೇ" ಎಂದು ಭಾವನೆಗೆ ಹೆಸರು ಕೊಡಿ; ಆ ಹೆಸರು ಗೊತ್ತಾದ ಮಗು ಮುಂದೆ ಹೊಡೆಯುವ, ಕಚ್ಚುವ ಬದಲು ಬಾಯಿಬಿಟ್ಟು ಹೇಳಲು ಕಲಿಯುತ್ತದೆ.

ಹೆಸರು ಕರೆದರೂ ತಿರುಗದ, ಮುಖ ನೋಡಿ ನಗದ ಮಗುವನ್ನು ಮಾತ್ರ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.