‘ನಾಯಕ’ ಎಂದು ಬರೆಯುವ ಮುನ್ನ

ಪ್ರೀತಿಯ ಮಗಳೆ,

ಆಶೀರ್ವಾದಗಳು. ಹಳೆಯ ಇಂಗ್ಲಿಷಿನ ‘ಬೆಯೊವುಲ್ಫ್’ ಎಂಬ ವೀರಕಾವ್ಯದಿಂದ ನೀನು ಕನ್ನಡಕ್ಕೆ ತಂದ ಭಾಗಗಳೂ, ಇನ್ನು ಬರೆಯುವುದೇ ಬೇಡವೆನಿಸಿದೆ ಎಂಬ ನಿನ್ನ ಕಾಗದವೂ ಒಂದೇ ಲಕೋಟೆಯಲ್ಲಿ ಬಂದವು. ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಿರುಗಿಸಿದ್ದಕ್ಕೆ ಇಷ್ಟೊಂದು ಕುಗ್ಗಬೇಡ. ಲಯ, ವಾಕ್ಯದ ಅಳತೆ ಇವೆಲ್ಲ ಬರೆಯುತ್ತ ಬರೆಯುತ್ತ ಕೈಗೆ ಹತ್ತುತ್ತವೆ. ಆದರೆ ಮೊದಲ ಹತ್ತು ಪುಟಗಳಲ್ಲಿ ‘ನಾಯಕ’ ಎಂಬ ಮಾತು ಹದಿನಾಲ್ಕು ಸಲ ಬಂದಿದೆ. ಒಂದೊಂದಕ್ಕೂ ಪೆನ್ಸಿಲಿನಲ್ಲಿ ಸುತ್ತು ಹಾಕಿದ್ದೇನೆ. ಮೂಲದಲ್ಲಿ ಅಷ್ಟೂ ಕಡೆ ಒಂದೇ ಪದವಿಲ್ಲವೆಂದು ತಿಳಿದೂ ನೀನು ಹೀಗೆ ಮಾಡಿದ್ದು ನನಗೆ ಸಿಟ್ಟು ತರಿಸಿತು.

ದೊರೆ ಹ್ರೋತ್‌ಗಾರ್‌ನನ್ನು ಕವಿ ಒಂದು ಕಡೆ ಜನರನ್ನು ಮಂದೆಯಂತೆ ಕಾಯುವವನೆಂದೂ ಇನ್ನೊಂದು ಕಡೆ ಕಡಗಗಳನ್ನು ಹಂಚುವವನೆಂದೂ ಕರೆಯುತ್ತಾನೆ. ಕಾಯುವುದು ಒಂದು ಕೆಲಸ, ಕೊಡುವುದು ಮತ್ತೊಂದು. ನಿನ್ನ ‘ನಾಯಕ’ನಿಗೆ ಕಿರೀಟವಿದೆ, ಕೆಲಸವಿಲ್ಲ.

ಇದನ್ನು ನಿನಗಿಂತ ಸಾವಿರ ವರ್ಷ ಹಿಂದಿನ ಒಬ್ಬ ಅನುವಾದಕ ಬಲ್ಲವನಾಗಿದ್ದ. 731ರಲ್ಲಿ ಬೀಡ್ ಎಂಬ ಸನ್ಯಾಸಿ ಲ್ಯಾಟಿನ್‌ನಲ್ಲಿ ಬರೆದು ಮುಗಿಸಿದ ಇಂಗ್ಲಿಷ್ ಜನರ ಚರಿತ್ರೆಯಲ್ಲಿ ಆ ಜನರನ್ನು ಬ್ರಿಟನ್ನಿಗೆ ಕರೆತಂದ ಹೆಂಗಿಸ್ಟ್ ಮತ್ತು ಹೊರ್ಸಾ ಎಂಬ ಸೋದರರಿಗೆ ‘ದುಕೆಸ್’, ಅಂದರೆ ನಾಯಕರು, ಎಂಬ ಒಂದೇ ಮಾತಿದೆ. ಹಳೆಯ ಇಂಗ್ಲಿಷಿಗೆ ತಂದವನು ಅಲ್ಲಿ ಎರಡು ಪದಗಳನ್ನಿಟ್ಟ: ‘ಲಾತ್ತೇವ್’ ಮತ್ತು ‘ಹೆರೆತೊಗ’. ‘ಹೆರೆತೊಗ’ ಎಂದರೆ ಪಡೆಯನ್ನು ತನ್ನ ಹಿಂದೆ ಎಳೆದುಕೊಂಡು ಹೋಗುವವನು. ‘ಲಾತ್ತೇವ್’ ಪದದ ಮೊದಲರ್ಧ ದಾರಿ, ಉಳಿದರ್ಧ ಸೇವಕ. ದಾರಿ ತೋರುವವನನ್ನು ಆ ಜನ ದಾರಿಯ ಆಳು ಎಂದು ಕಂಡಿದ್ದರು. ಕಲಿಸುವವನನ್ನೂ ಹಾಗೆಯೇ, ‘ಲಾರೇವ್’, ಅಂದರೆ ಕಲಿಕೆಯ ಆಳು, ಎಂದರು. 1066ರ ನಾರ್ಮನ್ ವಿಜಯದ ನಂತರ ಫ್ರೆಂಚಿನಿಂದ ಗೈಡ್, ಚೀಫ್, ಕ್ಯಾಪ್ಟನ್ ಮುಂತಾದವು ಬಂದವು, ಈ ಆಳುಗಳು ಮರೆಯಾದರು.

ನಮ್ಮ ‘ಮುಂದಾಳು’ ಎಂಬ ಮಾತಿನಲ್ಲಿ ‘ಆಳು’ ಇದ್ದಾನೆ ಎಂಬುದನ್ನು ನೀನು ಎಂದಾದರೂ ಗಮನಿಸಿದ್ದೀಯಾ? ದುಡಿಯುವವನಿಗೂ ರಾಜ್ಯಭಾರ ಮಾಡುವ ಕ್ರಿಯೆಗೂ ಒಂದೇ ಸದ್ದನ್ನು ಇಟ್ಟುಕೊಂಡ ಭಾಷೆ ನಿನ್ನದು. ಅದನ್ನು ಬಿಟ್ಟು ನಿಘಂಟಿನ ಮೊದಲ ಅರ್ಥಕ್ಕೆ ಕೈ ಚಾಚಿದೆಯಲ್ಲ, ಅದೇ ನನ್ನ ಸಂಕಟ.

ನನ್ನ ಸಿಟ್ಟಿನ ಬೇರು ಹಳೆಯದು. ‘ಲಾರ್ಡ್’ ಎಂಬುದರ ಮೂಲರೂಪ ‘ಹ್ಲಾವೋರ್ಡ್’, ರೊಟ್ಟಿಯನ್ನು ಕಾಯುವವನು. ‘ಲೇಡಿ’ ಹಿಟ್ಟು ನಾದುವವಳು. ಇಂಗ್ಲೆಂಡಿನ ಕೆಂಟ್ ಪ್ರಾಂತದ ಹಳೆಯ ದೊರೆ ಎಥೆಲ್‌ಬರ್ಟ್‌ನ ಕಾನೂನುಗಳಲ್ಲಿ ಮನೆಯ ಆಶ್ರಿತನಿಗೆ ರೊಟ್ಟಿ ತಿನ್ನುವವನೆಂದೇ ಹೆಸರು. ಮೂವತ್ತು ವರ್ಷಗಳ ಹಿಂದೆ ಒಂದು ಅನುವಾದದಲ್ಲಿ ನಾನು ‘ಅನ್ನ ಕಾಯುವ ಒಡೆಯ’ ಎಂದು ಬರೆದಿದ್ದೆ. ಸಂಪಾದಕರು ಅದು ಒರಟಾಯಿತೆಂದು ಹೊಡೆದುಹಾಕಿ ‘ಪ್ರಭು’ ಎಂದು ಬರೆದರು, ಜೊತೆಗೆ ನನ್ನ ಶೈಲಿಯನ್ನು ಬಹಳ ಹೊಗಳಿದರು. ಹೊಗಳಿಕೆಯ ಬಿಸಿಯಲ್ಲಿ ನಾನು ಒಪ್ಪಿಬಿಟ್ಟೆ. ಆ ಪುಟ ನನ್ನ ಹೆಸರಿನಲ್ಲೇ ಅಚ್ಚಾಗಿದೆ. ಇಂದಿಗೂ ಅದನ್ನು ತೆರೆಯಲಾರೆ.

ನಿನ್ನ ಕನ್ನಡಕ್ಕೆ ಕಿವಿಯಿದೆ. ಕಡಲ ದಂಡೆಯ ಚಿತಾಭಾಗವನ್ನು ಓದಿ ಎದ್ದು ಹೊರಗೆ ಹೋಗಿ ನಿಂತೆ. ಅದರ ಒಂದಕ್ಷರವನ್ನೂ ಬದಲಿಸಬೇಡ. ಹಸ್ತಪ್ರತಿಯನ್ನು ಸುತ್ತುಗಳನ್ನು ಅಳಿಸದೆ ಕಳಿಸುತ್ತಿದ್ದೇನೆ. ಹದಿನಾಲ್ಕು ಕಡೆಯೂ ಆತ ಅಲ್ಲಿ ಏನು ಮಾಡುತ್ತಿದ್ದಾನೆ ಎಂದು ನೋಡಿ, ಹೊಸ ಪದ ಬರೆದು, ಯುಗಾದಿಯೊಳಗೆ ನನಗೆ ಮರಳಿ ಕಳಿಸು.