ಬ್ರೊಮೀಲಿಯಾಡ್ ಮರಿ ಬೇರ್ಪಡಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಹೂ ಮುಗಿದ ಬ್ರೊಮೀಲಿಯಾಡ್ (ಎಲೆಗಳು ಬಟ್ಟಲಿನಂತೆ ಸುತ್ತಿಕೊಂಡು ಬೆಳೆಯುವ ಅಲಂಕಾರಿಕ ಗಿಡ) ಸೊರಗಿತೆಂದು ದಯವಿಟ್ಟು ಕಿತ್ತು ಬಿಸಾಡಬೇಡಿ. ಅನಾನಸ್ ಕೂಡ ಇದೇ ಕುಟುಂಬದ್ದು. ತಾಯಿಗಿಡ ಒಮ್ಮೆ ಹೂ ಬಿಟ್ಟು, ಬುಡದಲ್ಲಿ ಮರಿ ಹಾಕಿ, ನಿಧಾನವಾಗಿ ಒಣಗುತ್ತದೆ.

ಮರಿ ತಾಯಿಯ ಅರ್ಧದಷ್ಟಾದರೂ ಬೆಳೆಯಲಿ. ಎಳೆಯದನ್ನು ಕೊಯ್ದರೆ ಬೇರು ಬರುವ ಮೊದಲೇ ಬಾಡುತ್ತದೆ. ಗಿಡವನ್ನು ಕುಂಡದಿಂದ ತೆಗೆದು ಮಣ್ಣು ಉದುರಿಸಿ. ಮರಿಯ ಗಟ್ಟಿ ಬುಡ ಪೂರ್ತಿ ಸಿಗುವಂತೆ, ತಾಯಿಗೆ ಒತ್ತಿಕೊಂಡೇ, ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಕೊಯ್ಯಿರಿ. ಬಿಳಿಯ ಗಾಯ ಒಣಗಿ ಕಂದಾಗುವವರೆಗೆ ಒಂದು ದಿನ ನೆರಳಲ್ಲಿಡಿ.

4 ಇಂಚಿನ ಕುಂಡ ಸಾಕು. ಮಿಶ್ರಣಕ್ಕೆ ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) 2 ಪಾಲು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) 1, ಇದ್ದಿಲು ಚೂರು 1. ಬುಡ ಮುಚ್ಚುವಷ್ಟೇ ನೆಡಿ. ಎಲೆಯ ಸಂದು ಮಣ್ಣಿಗಿಳಿದರೆ ಕೊಳೆತ ಖಚಿತ, ಹೆಚ್ಚಿನವರು ಎಡವುವುದು ಇಲ್ಲೇ. ನಿಲ್ಲದಿದ್ದರೆ ಕಡ್ಡಿ ಕಟ್ಟಿ, ಏಕೆಂದರೆ ಅಲುಗಾಡುವ ಮರಿಯ ಎಳೆ ಬೇರು ತುಂಡಾಗುತ್ತದೆ. ನೇರ ಬಿಸಿಲು ಬೇಡ, ಬೆಳಕು ಚೆನ್ನಾಗಿರಲಿ.

ಎಲೆಗಳ ನಡುವಿನ ಬಟ್ಟಲಲ್ಲಿ ಸ್ವಲ್ಪ ನೀರಿರಲಿ. ವಾರಕ್ಕೊಮ್ಮೆ ಬಗ್ಗಿಸಿ ಚೆಲ್ಲಿ ಹೊಸ ನೀರು ಹಾಕಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ.

ಅಡಿಕೆ ತೋಟ ಇರುವವರೇ, ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಇದಕ್ಕೆ ಸಿಂಪಡಿಸಲೇಬೇಡಿ. ಅದರ ಮೈಲುತುತ್ತದಲ್ಲಿರುವ ತಾಮ್ರ ಬ್ರೊಮೀಲಿಯಾಡ್‌ಗೆ ವಿಷ.